ನೆಲ ಟೊಳ್ಳದ ಎಂದವನು

ವಲಾಂಡಿಯಿಂದ ಬಂದ ಗಿರಾಕಿಯೊಬ್ಬ ಧೋತರದ ಜೋಡಿ ಕಟ್ಟಿಸಿಕೊಳ್ಳುತ್ತ, ಮಾತಿಗೆ ಮಾತು ಬಂದು, ನಿಮ್ಮೂರ ಹಗೇವಿನ ಮುದುಕ ನಮ್ಮೂರಲ್ಲಿ ಮಗಳ ಮನೆಯಲ್ಲಿ ತೀರಿಕೊಂಡ, ಇವತ್ತಿಗೆ ಐದು ದಿನವಾಯಿತು ಎಂದ. ನಾನು ಗಜ ಹಿಡಿದಿದ್ದವನು ಹಾಗೇ ನಿಂತೆ. ಇಂಥ ಸುದ್ದಿ ಕೇಳಿದಾಗ ಮನುಷ್ಯನಿಗೆ ದುಃಖವಾಗಬೇಕು. ನನಗೆ ಮೊದಲು ಆದದ್ದು ನಿರಾಳ. ಆ ಮಾತು ಗೊತ್ತಿದ್ದವರು ಇನ್ನು ನನ್ನನ್ನು ಬಿಟ್ಟರೆ ಯಾರೂ ಉಳಿಯಲಿಲ್ಲ ಎಂದು ಎದೆಯೊಳಗೆ ಏನೋ ಸಡಿಲಾಯಿತು. ಅದರ ಹಿಂದೆಯೇ ನನ್ನ ಮೇಲೆ ನನಗೇ ಹೇಸಿಗೆ ಬಂತು. ಗಿರಾಕಿಯನ್ನು ಅಲ್ಲಿಯೇ ಬಿಟ್ಟು ಒಳಗೆ ಹೋಗಿ ನೀರು ಕುಡಿದು ಕೂತೆ.

ಆತ ಯಾರು ಎಂದು ಈಗಿನವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ನಮ್ಮದು ಉದಗೀರಿಗೂ ನಿಲಂಗಕ್ಕೂ ನಡುವೆ ಬರುವ ಸಣ್ಣ ಕಸಬೆ. ಸುತ್ತ ಕರಿನೆಲ, ಊರು ಕೂತದ್ದು ಬಿಳಿಮಣ್ಣಿನ ದಿಬ್ಬದ ಮೇಲೆ. ಜೋಳವನ್ನು ನಮ್ಮ ಹಿರಿಯರು ಮನೆಯೊಳಗೆ ಇಟ್ಟದ್ದಕ್ಕಿಂತ ನೆಲದೊಳಗೆ ಇಟ್ಟದ್ದೇ ಹೆಚ್ಚು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು ಇರುವ ಕುಣಿ ತೋಡುವುದು, ಸುತ್ತ ಒಣಹುಲ್ಲು ಕಟ್ಟುವುದು, ಜೋಳ ತುಂಬಿ ಬಾಯಿಗೆ ಚಪ್ಪಡಿ ಹಾಕಿ ಮೇಲೆ ಮಣ್ಣು ಎಳೆಯುವುದು. ಅಷ್ಟು ಮಾಡಿದರೆ ಎಷ್ಟೋ ವರ್ಷ ಕಾಳು ಕೆಡುವುದಿಲ್ಲ. ಅದಕ್ಕೆ ನಾವು ಹಗೇವು ಎನ್ನುತ್ತೇವೆ, ಮರಾಠಿ ಮಂದಿ ಪೇವ ಎನ್ನುತ್ತಾರೆ. ಅದನ್ನು ತೋಡುವುದು, ತುಂಬುವುದು, ತೆರೆಯುವುದು ಆತನ ಕಸುಬು. ಕುರಿ ಕಾಯುವ ಮನೆತನ, ಬೀರಪ್ಪನ ಒಕ್ಕಲು.

ಎತ್ತರದ ಆಳು, ತೆಳ್ಳಗೆ, ಬೆನ್ನು ಸ್ವಲ್ಪ ಬಾಗಿತ್ತು. ಉರಿ ಬೇಸಿಗೆಯಲ್ಲೂ ಹೆಗಲ ಮೇಲೆ ಕರಿ ಕಂಬಳಿ. ನಡೆಯುವಾಗ ನಾಲ್ಕು ಹೆಜ್ಜೆಗೊಮ್ಮೆ ಹಿಮ್ಮಡಿಯಿಂದ ನೆಲ ಕುಟ್ಟಿ, ತಲೆ ಓರೆ ಮಾಡಿ ಕೇಳಿಸಿಕೊಳ್ಳುವುದು ರೂಢಿ. ಯಾರ ಮನೆಯ ಕಟ್ಟೆಯ ಕೆಳಗೆ ಇಲಿ ಬಿಲ ತೋಡಿದೆ, ಯಾವ ಬಾವಿಯ ದಂಡೆ ಒಳಗಿನಿಂದ ಜರಿದಿದೆ ಎಂಬುದೆಲ್ಲ ಆತನಿಗೆ ಕಾಲಿನಲ್ಲೇ ತಿಳಿಯುತ್ತಿತ್ತು.

ಊರಲ್ಲಿ ಆತನಷ್ಟು ಅಂಜುವ ಮನುಷ್ಯನನ್ನು ನಾನು ಕಂಡಿಲ್ಲ. ನನ್ನನ್ನು ಬಿಟ್ಟು ಎಂದು ಸೇರಿಸಬೇಕು, ಆ ಮಾತು ಮುಂದೆ ಬರುತ್ತದೆ. ಮದುವೆ ಊಟಕ್ಕೆ ಕರೆದರೆ ಮಾಳಿಗೆ ತಲೆಯ ಮೇಲೆ ಬಿದ್ದೀತೆಂದು ಅದರ ಕೆಳಗೆ ಪಂಕ್ತಿಯಲ್ಲಿ ಕೂರುತ್ತಿರಲಿಲ್ಲ. ಹೊಸ್ತಿಲ ಹೊರಗೆ ಎಲೆ ಹಾಕಿಸಿಕೊಳ್ಳುತ್ತಿದ್ದ. ಪೊಲೀಸಿನವನು ಎದುರಿಗೆ ಬಂದರೆ ಗೋಡೆಗೆ ಅಂಟಿ ನಿಲ್ಲುತ್ತಿದ್ದ. ಗೋಡೆ ಹಳೆಯದಾಗಿದ್ದರೆ ಗೋಡೆಗೂ ಅಂಜಿ ಬೀದಿಯ ನಡುವೆಯೇ ಕೈಮುಗಿದು ನಿಂತುಬಿಡುತ್ತಿದ್ದ. ಜನ ಆತನಿಗೆ ಗುಬ್ಬಿ ಎದೆಯವನು ಎಂದು ಹೆಸರಿಟ್ಟಿದ್ದರು. ಒಮ್ಮೆ ಯಾರೋ, ಮಾಮಾ, ಆಕಾಶದ ಕೆಳಗೆ ಕೂತಿದ್ದಿಯಲ್ಲ, ಅದು ಬಿದ್ದರೆ ಏನು ಮಾಡುತ್ತಿ ಎಂದು ಚಾಷ್ಟಿ ಮಾಡಿದರು. ಆತ ನಿಜವಾಗಿಯೂ ತಲೆಯೆತ್ತಿ ನೋಡಿ, "ಅದು ಯಾರೂ ಕಟ್ಟಿದ್ದಲ್ಲ ತಮ್ಮಾ" ಎಂದ. ಆಗ ನಾವೆಲ್ಲ ನಕ್ಕೆವು.

ಹಗೇವು ತೆರೆದ ಕೂಡಲೇ ಇಳಿಯಬಾರದು. ವರ್ಷಗಟ್ಟಲೆ ಮುಚ್ಚಿದ ಜಾಗ, ಒಳಗೆ ಕೆಟ್ಟ ಗಾಳಿ ಕೂತಿರುತ್ತದೆ. ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು. ಅದು ಆರಿದರೆ ಇಳಿದ ಮನುಷ್ಯನೂ ಆರುತ್ತಾನೆ. ಉಳಿದ ಹಗೇವಿನವರು ಒಮ್ಮೆ ಕಂದೀಲು ಬಿಟ್ಟು ನೋಡಿದರೆ ಈತ ಮೂರು ಸಲ ಬಿಡುತ್ತಿದ್ದ. ನಡುನಡುವೆ ದಂಡೆಯ ಮೇಲೆ ಬೋರಲು ಮಲಗಿ ಮೂಸುತ್ತಿದ್ದ. ಅವಸರ ಮಾಡಿದವರಿಗೆ, "ಒಳಗಿನಾಂವ ಇನ್ನಾ ಎದ್ದಿಲ್ರೀ, ತಡೀರಿ" ಎನ್ನುತ್ತಿದ್ದ. ಒಳಗೆ ಯಾರೋ ಮಲಗಿದ್ದಾರೆ, ಅವರಾಗಿಯೇ ಎದ್ದು ಹೋಗಬೇಕು ಎಂಬ ಲೆಕ್ಕದಲ್ಲಿ ಮಾತಾಡುತ್ತಿದ್ದ.

ನಮ್ಮ ಕಾಕಾ ದೊಡ್ಡ ಸಿಟ್ಟಿನ ಮನುಷ್ಯ. ಒಂದು ಸಲ ಹೊಲದ ಹಗೇವು ತೆರೆದಾಗ ಈತನ ಕಂದೀಲಿನ ಆಟ ನೋಡಿ ನೋಡಿ ಬೇಸತ್ತು, ನಾನೇ ಇಳಿಯುತ್ತೇನೆ ನಡಿ ಎಂದು ಧೋತರ ಎತ್ತಿ ಕಟ್ಟಿದರು. ಆತ ಹೋಗಿ ಹಗೇವಿನ ಬಾಯಿಯ ಮೇಲೆ ಅಡ್ಡಲಾಗಿ ಕೂತುಬಿಟ್ಟ. ಕಾಕಾ ಬೈದರು, ಜಾಡಿಸಿ ಒದ್ದರು. ಆತ ನಡುಗುತ್ತ ಕೂತೇ ಇದ್ದ, ಏಳಲಿಲ್ಲ. ಹೊತ್ತು ಇಳಿದ ಮೇಲೆ ಕಂದೀಲು ಆರದೆ ಮೇಲೆ ಬಂತು, ಆಗ ಎದ್ದು ಕಾಕಾನ ಕಾಲು ಮುಟ್ಟಿದ. ಆತನ ಅಣ್ಣ ಗುಂಜೋಟಿಯ ಕಡೆ ಒಂದು ಹಗೇವಿಗೆ ಇಳಿದವನು ಮೇಲೆ ಬಂದಿರಲಿಲ್ಲ, ಹಗ್ಗ ಹಿಡಿದು ದಂಡೆಯ ಮೇಲೆ ನಿಂತವನು ಈತ ಎಂದು ಅಪ್ಪ ನನಗೆ ಆಮೇಲೆ ಹೇಳಿದರು.

ಹಗೇವು ಎಲ್ಲಿದೆ ಎಂಬುದು ಮನೆಯ ಯಜಮಾನನಿಗೆ ಮತ್ತು ಆತನಿಗೆ ಮಾತ್ರ ಗೊತ್ತಿರುತ್ತಿತ್ತು. ಲೂಟಿಗೆ ಬಂದವರು ಮೊದಲು ಮನೆಯ ಅಂಗಳ ಅಗೆಯುತ್ತಾರೆಂದು ನಮ್ಮ ಹಿರಿಯರು ಚೌಕದ ಬಯಲಿನಲ್ಲಿ, ಹತ್ತು ಮಂದಿ ತುಳಿಯುವ ಜಾಗದಲ್ಲಿಯೇ ಹಗೇವು ಮಾಡಿಸಿದ್ದರು. ಅದರ ಹಂಚಿಕೆ ಬಲು ಚಂದ. ಆತ ಬಯಲಿನಲ್ಲಿ ನಾಲ್ಕು ದಿನ ಕುರಿ ತರುಬಿ ಹಟ್ಟಿ ಹಾಕುತ್ತಿದ್ದ. ಹಟ್ಟಿಯ ನಡುವೆ ಕಂಬಳಿಯ ಗುಡಾರ ಹಾಕಿ ಅದರೊಳಗೆ ತೋಡುತ್ತಿದ್ದ. ಜೋಳ ಉಣ್ಣೆಯ ಹೊರೆಯೊಳಗೆ ಬರುತ್ತಿತ್ತು. ಹಟ್ಟಿ ಎತ್ತುವ ಹೊತ್ತಿಗೆ ಕುರಿಗಳೇ ತುಳಿದು ಗುರುತು ಅಳಿಸಿರುತ್ತಿದ್ದವು. ಮುಚ್ಚಿದ ಮೇಲೆ ಯಜಮಾನ ಬೀರಪ್ಪನ ಭಂಡಾರವನ್ನು, ಎಂದರೆ ಅರಿಷಿಣದ ಪುಡಿಯನ್ನು, ಆತನ ನಾಲಿಗೆಗೆ ಹಚ್ಚಬೇಕು. ಅಲ್ಲಿಗೆ, ಹಗೇವು ಯಾರದೆಂದು ಹೇಳದಂತೆ ಆತನ ಬಾಯಿ ಕಟ್ಟಿತು. ಆ ಆಣೆ ಬಿಡಿಸಬೇಕಾದರೆ ಅದೇ ಯಜಮಾನ ಅದೇ ಭಂಡಾರವನ್ನು ಆತನ ಹಣೆಗೆ ಹಚ್ಚಿ ಬಾಯಿಬಿಟ್ಟು "ಬಿಟ್ಟೆ" ಎನ್ನಬೇಕು. ಅಪ್ಪ ತೀರಿಕೊಂಡ ವರ್ಷ ನಾನೇ ನನ್ನ ಕೈಯಿಂದ ಆತನ ನಾಲಿಗೆಗೆ ಭಂಡಾರ ಹಚ್ಚಿ ಆಣೆಯನ್ನು ಹೊಸದು ಮಾಡಿಕೊಂಡಿದ್ದೆ. ನನ್ನ ಹೆಂಡತಿಗೂ ಜಾಗ ಹೇಳಿರಲಿಲ್ಲ.

ಮುಂದೆ ಜೋಳ ತುಟ್ಟಿಯಾದ ಒಂದು ವರ್ಷ ಸರ್ಕಾರದ ಹುಕುಂ ಬಂತು. ಮನೆಯಲ್ಲಿರುವ ಕಾಳು ಎಷ್ಟೆಂದು ಎಲ್ಲರೂ ತಹಶೀಲಿಯಲ್ಲಿ ಬರೆಸಬೇಕು, ಬಚ್ಚಿಟ್ಟದ್ದು ಸಿಕ್ಕರೆ ಜಪ್ತಿ, ಬಚ್ಚಿಟ್ಟವನಿಗೆ ಬೀದರಿನ ಜೇಲು. ನಾನು ಅಡಿಗೆಮನೆಯ ಕಣಜ ತೋರಿಸಿ ಅಷ್ಟನ್ನೇ ಬರೆಸಿ ಬಂದೆ. ಬಯಲಿನ ಹಗೇವಿನ ಮಾತು ಎತ್ತಲಿಲ್ಲ. ಎತ್ತಿದವರು ಊರಲ್ಲಿ ಯಾರೂ ಇಲ್ಲ. ಅವತ್ತಿನಿಂದ ಬೀದಿಯಲ್ಲಿ ತಹಶೀಲಿಯವರ ಕುದುರೆಯ ಸಪ್ಪಳ ಕೇಳಿದರೆ ನಾನು ಅಂಗಡಿಯ ಬಾಗಿಲು ಮುಂದೆ ಮಾಡುತ್ತಿದ್ದೆ.

ಅದೇ ವರ್ಷ ಚೌಕದ ಬಯಲನ್ನು ಸರ್ಕಾರ ಹರಾಜಿಗಿಟ್ಟಿತು, ನಮ್ಮೂರ ಸಾಹುಕಾರರು ಹಿಡಿದರು. ಸೊಲ್ಲಾಪುರದಲ್ಲಿ ಮಿಲ್ಲಿನ ಕೂಲಿಯವರ ಚಾಳು ನೋಡಿ ಬಂದಿದ್ದ ಮನುಷ್ಯ. ಒಂದರ ಮೇಲೊಂದು ಮನೆ, ಒಂದೇ ಮೆಟ್ಟಿಲು, ತಿಂಗಳು ತಿಂಗಳು ಬಾಡಿಗೆ. ನಮ್ಮ ಚೌಕದಲ್ಲೂ ಅಂಥದೊಂದು ಎತ್ತಬೇಕೆಂದು ಅವರ ತಲೆ ಹೊಕ್ಕಿತು. ಮೂರು ಅಂತಸ್ತು, ಹದಿನಾರು ಮನೆ. ಕಚೇರಿಯ ಗುಮಾಸ್ತರು, ಸಾಲೆಯ ಮಾಸ್ತರರು, ಹೊರಗಿನಿಂದ ಬಂದ ಸಂಸಾರವಂದಿಗರು ಇರಲಿಕ್ಕೆ. ಬಯಲು ಕೈಗೆ ಬಂದ ದಿನವೇ ಸುತ್ತ ಮುಳ್ಳುಬೇಲಿ ಹಾಕಿಸಿ ಒಬ್ಬ ಪಠಾಣ ರೋಹಿಲಾನನ್ನು ಕಾವಲಿಗೆ ಕೂರಿಸಿದರು. ಕುರಿ ತರುಬುವ ದಾರಿ ಅಲ್ಲಿಗೆ ಬಂದ್ ಆಯಿತು. ಜೋಳ ತೆಗೆಯುವ ಹಾಗಿಲ್ಲ, ಬಾಯಿ ಬಿಡುವ ಹಾಗಿಲ್ಲ.

ಇಂಥ ಕಟ್ಟಡಕ್ಕೆ ಊರ ಕಮಿಟಿಯ ಇಜಾಜತು, ಒಪ್ಪಿಗೆಯ ಕಾಗದ, ಬೇಕಿತ್ತು. ಕಮಿಟಿಗೆ ತಹಶೀಲ್ದಾರ ಸಾಹೇಬರೇ ಸದರು, ಕೆಳಗೆ ನಾವು ಐದು ಮಂದಿ. ಕನ್ನಡ ಮಂದಿಯ ಪರವಾಗಿ ಒಬ್ಬ ಇರಲಿ ಎಂದು ಬಟ್ಟೆ ಅಂಗಡಿಯ ನನ್ನನ್ನು ಹಾಕಿದ್ದರು. ಸಾಹೇಬರು ಹೈದರಾಬಾದಿನವರು, ಕನ್ನಡ ಬಾರದು, ದುಭಾಷಿಯ ಕೆಲಸವೂ ನನ್ನದೇ. ಮೊದಲ ಸಭೆಯಲ್ಲಿ ಸಾಹುಕಾರರು ಮೇಜಿನ ತುಂಬ ನಕಾಶೆ ಹಾಸಿದರು. ಮೇಲಿನ ಅಂತಸ್ತಿನ ಕಿಟಕಿಯಿಂದ ಅಕ್ಕಪಕ್ಕದವರ ಅಂಗಳದ ಹೆಣ್ಣುಮಕ್ಕಳು ಕಾಣುತ್ತಾರೋ ಇಲ್ಲವೋ ಎಂಬ ವಾದ ಹತ್ತಿತು, ಅದು ಮುಗಿಯುವಷ್ಟರಲ್ಲಿ ಮೋರಿಯ ವಾದ ಹತ್ತಿತು. ನೆಲದ ಮಾತು ಒಬ್ಬರೂ ಆಡಲಿಲ್ಲ. ನಾನು ನಕಾಶೆಯ ಮೇಲೆ ನಮ್ಮ ಹಗೇವಿನ ಜಾಗವನ್ನು ಕಣ್ಣಿನಿಂದಲೇ ಅಳೆದೆ. ಮೂಡಣ ಗೋಡೆ ಸರಿಯಾಗಿ ಅದರ ಹೊಟ್ಟೆಯ ಮೇಲೆ ಬರುತ್ತಿತ್ತು. ಪಾಯ ಮೂರು ಮೊಳ ಮಾತ್ರ ತೋಡುವುದೆಂದು ಬರೆದಿತ್ತು, ನಮ್ಮ ಚಪ್ಪಡಿ ನಾಲ್ಕು ಮೊಳದ ಕೆಳಗೆ ಇತ್ತು. ಹಾಗಾದರೆ ಸಿಗುವುದಿಲ್ಲ ಎಂದು ನನಗೆ ಸಮಾಧಾನವಾಯಿತು. ಆ ಗೋಡೆ ಯಾವುದರ ಮೇಲೆ ನಿಲ್ಲುತ್ತದೆ ಎಂಬ ವಿಚಾರ ಆ ಹೊತ್ತಿಗೆ ನನಗೆ ಬರಲಿಲ್ಲ. ಬಂದರೂ ನಾನು ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಹದಿನೈದು ದಿನದಲ್ಲಿ ತಕರಾರು ಇದ್ದವರು ಬಂದು ಹೇಳಬೇಕೆಂದು ಡಂಗುರ ಹೊಡೆಸಿ ಸಭೆ ಮುಗಿಸಿದರು.

ಮೂರನೆಯ ದಿನ ಉರಿಬಿಸಿಲಲ್ಲಿ ಆತ ನನ್ನ ಅಂಗಡಿಗೆ ಬಂದ. ಎಂದಿನಂತೆ ಒಳಗೆ ಬರದೆ ಮೆಟ್ಟಿಲ ಮೇಲೆ ಕೂತ. ಸಾಹುಕಾರರು ಮೂರು ಅಂತಸ್ತು ಎತ್ತುವುದು ಖರೆಯೇ ಎಂದು ಕೇಳಿದ. ಹೌದೆಂದೆ. ಆ ಬಯಲಿನಲ್ಲಿ ಏಳು ಮನೆಯ ಹಗೇವು ಇವೆ, ಮನೆ ಯಾವುವು ಎಂದು ನಾನು ಹೇಳುವ ಹಾಗಿಲ್ಲ, ನೆಲ ಮಾತ್ರ ಜರಡಿಯಾಗಿದೆ ಎಂದ. ಕಟ್ಟುವಾಗ ಏನೂ ಆಗುವುದಿಲ್ಲವಂತೆ. ಮೊದಲ ಮಳೆಗಾಲವೂ ದಾಟಬಹುದಂತೆ. ಎರಡನೆಯದೋ ಮೂರನೆಯದೋ ಮಳೆಗಾಲದಲ್ಲಿ ನೀರು ಇಳಿದು ಒಂದು ಹಗೇವು ಕುಸಿದರೆ ಮಗ್ಗುಲಿನದೂ ಕುಸಿಯುತ್ತದೆ, ಮೇಲಿನ ಕಲ್ಲು ಮಣ್ಣೆಲ್ಲ ಮಲಗಿದವರ ಮೇಲೆ ಬರುತ್ತದೆ ಎಂದು ಮೆಲ್ಲಗೆ, ನನ್ನ ಮುಖ ನೋಡದೆ ಹೇಳಿದ. ಹದಿನಾರು ಮನೆಯಲ್ಲಿ ಎಷ್ಟು ಕೂಸುಗಳು ಇರಬಹುದೆಂದು ಬೆರಳು ಮಡಿಸತೊಡಗಿದ, ಎರಡೂ ಕೈಯ ಬೆರಳು ಮುಗಿದ ಮೇಲೆ ನಿಲ್ಲಿಸಿದ. ಕಂಬಳಿಯ ಮೂಲೆಯ ಗಂಟು ಬಿಚ್ಚಿ ಅಂಗೈಯಲ್ಲಿ ಭಂಡಾರ ಸುರಿದುಕೊಂಡು ನನ್ನ ಮುಂದೆ ಹಿಡಿದ.

"ಧಣ್ಯಾರ, ಒಂದು ಚಿಟಿಕಿ ತೊಗೊಂಡು ನನ್ನ ಹಣಿಗಿ ಹಚ್ರಿ. ಬಿಟ್ಟೆ ಅನ್ರಿ. ಮುಂದಿಂದು ನಾ ಹೇಳ್ತೀನಿ."

"ನಾ ಬಿಟ್ರ ಸರ್ಕಾರ ನನ್ನ ಬಿಡತದೇನು ಮಾಮಾ? ನೀ ಹೇಳಿದ್ರ ನಾ ಜೇಲಿಗಿ ಹೋಗ್ತೀನಿ."

ಆತ ಒಪ್ಪಿಕೊಂಡ ಹಾಗೆ ತಲೆಯಾಡಿಸಿದ. ಆದರೆ ಕೈ ಹಿಂದೆ ತೆಗೆಯಲಿಲ್ಲ. ಉಳಿದ ಆರು ಮನೆಗೂ ಹೋಗಿ ಬಂದಿದ್ದೇನೆ, ಒಬ್ಬರೂ ಬಿಡಲಿಲ್ಲ, ನೀವೊಬ್ಬರು ಬಿಟ್ಟರೂ ಸಾಕು, ಒಂದು ತೋರಿಸಿದರೆ ಸಾಹೇಬರು ತಾವೇ ತಿಳಿದುಕೊಳ್ಳುತ್ತಾರೆ ಎಂದ. ನನಗೂ ಅಂಜಿಕೆ ಬರುತ್ತದೆ ಎಂದೂ ಹೇಳಿದ. ನಾನು ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು ನಿಂತೆ. ಬಿಸಿಲಿಗೆ ಆತನ ಅಂಗೈ ಬೆವೆತು ಭಂಡಾರ ಒದ್ದೆಯಾಗಿ ಕೆಸರಾಯಿತು. ಕಡೆಗೆ ಅದನ್ನು ಕಂಬಳಿಗೆ ಒರೆಸಿಕೊಂಡು ಎದ್ದುಹೋದ.

ಎರಡನೆಯ ಸಭೆಯ ದಿನ ನಾನು ಮುಂಜಾನೆಯಿಂದ ಊಟ ಮಾಡಿರಲಿಲ್ಲ. ತಕರಾರು ಯಾರದೂ ಇಲ್ಲವಲ್ಲ ಎಂದು ಸಾಹೇಬರು ಕಲಮು ಎತ್ತಿದರು. ಬಾಗಿಲಲ್ಲಿ ಗದ್ದಲವಾಯಿತು. ಜವಾನ ಯಾರನ್ನೋ ಹೊರಗೆ ದಬ್ಬುತ್ತಿದ್ದ. ಡಂಗುರ ಹೊಡೆಸಿದ್ದೇವೆ, ಬರಲಿ ಬಿಡು ಎಂದರು ಸಾಹೇಬರು. ಆತ ಹೊಸ್ತಿಲ ಮೇಲೆ ಬಂದು ನಿಂತ. ಮಾಳಿಗೆಯನ್ನು ಒಮ್ಮೆ ನೋಡಿದ, ಸಾಹೇಬರನ್ನು ಒಮ್ಮೆ ನೋಡಿದ, ಆಮೇಲೆ ಒಳಗೆ ಬಂದ. ಆತ ಮಾಳಿಗೆಯ ಕೆಳಗೆ ಬಂದದ್ದನ್ನು ನಾನು ಜೀವಮಾನದಲ್ಲಿ ಅದೊಂದೇ ಸಲ ನೋಡಿದ್ದು.

"ಹೇಳ್ರಿ ಧಣ್ಯಾರ, ಸಾಹೇಬ್ರಿಗಿ ಹೇಳ್ರಿ. ಅಲ್ಲಿ ನೆಲ ಟೊಳ್ಳದ."

ನಾನು ನೆಲ ಅಷ್ಟು ಗಟ್ಟಿಯಿಲ್ಲ ಎನ್ನುತ್ತಾನೆ ಎಂದು ಉರ್ದುವಿನಲ್ಲಿ ಮೆತ್ತಗೆ ಮಾಡಿ ಹೇಳಿದೆ. ಇವನಿಗೆ ಹೇಗೆ ಗೊತ್ತು ಎಂದು ಸಾಹೇಬರು ಕೇಳಿದರು. ಹಗೇವು ತೋಡುವವನು ಎಂದು ಸಾಹುಕಾರರೇ ನಗುತ್ತ ಹೇಳಿಬಿಟ್ಟರು. ಹಾಗೆ ಹೇಳಿದ ಮೇಲೆ ಅವರ ನಗೆಯೂ ನಿಂತಿತು. ಸಾಹೇಬರು ಕಲಮು ಕೆಳಗಿಟ್ಟರು. ಅಲ್ಲಿ ಹಗೇವು ಇದೆಯೇ, ಅದರಲ್ಲಿ ಕಾಳು ಇದೆಯೇ, ಯಾರದು, ಎಂದು ಒಂದೊಂದೇ ಕೇಳಿದರು. ಒಂದೊಂದನ್ನೂ ನಾನು ಕನ್ನಡಕ್ಕೆ ತಂದು ಆತನಿಗೆ ಕೇಳಬೇಕು. ಯಾರದು ಎಂಬ ಪ್ರಶ್ನೆಯನ್ನು ನಾನು ನನ್ನ ಬಾಯಿಯಿಂದಲೇ ಕೇಳಿದೆ, ಕೇಳಿ ನನ್ನ ಉಗುರು ನೋಡುತ್ತ ಕೂತೆ. ಇನ್ನೇನು ನನ್ನ ಹೆಸರು ಬರುತ್ತದೆ, ಈ ಕುರ್ಚಿಯಿಂದಲೇ ಎಬ್ಬಿಸಿಕೊಂಡು ಹೋಗುತ್ತಾರೆ ಎಂದುಕೊಂಡೆ. ಕಣ್ಣೆತ್ತಿ ನೋಡಿದರೆ ಆತನ ಧೋತರ ತೊಯ್ದು ನೆಲದ ಮೇಲೆ ನೀರು ಹರಿದಿತ್ತು. ಜವಾನ ಕಿಸಕ್ಕನೆ ನಕ್ಕ.

"ನಂದ್ರೀ" ಎಂದ ಆತ. "ಒಂದೇ ಅದ. ಅದು ನಂದು. ಹೇಳ್ರಿ ಅವರಿಗಿ."

ನಾನು ಹೇಳಿದೆ. ಇವನದಂತೆ ಹುಜೂರ್, ಎಂದೆ. ಒಂದು ಅಕ್ಷರವೂ ತೊದಲಲಿಲ್ಲ.

ಎಲ್ಲರೂ ಬಯಲಿಗೆ ಹೋದೆವು. ಆತ ಹಿಮ್ಮಡಿ ಕುಟ್ಟುತ್ತ ನಡೆದ, ನಾವು ಹಿಂದೆ. ಬೇಲಿಯ ಹೊರಗೆ ಅರ್ಧ ಊರು ಸೇರಿತ್ತು. ಯಾರ ಯಾರ ಮುಖ ಬಿಳಿಚಿಕೊಂಡಿದೆ ಎಂದು ನೋಡಿ ಉಳಿದ ಆರು ಮನೆ ಯಾವುವೆಂದು ನಾನು ಅವತ್ತು ಕಂಡುಕೊಂಡೆ. ಒಬ್ಬ ನಮ್ಮ ಕಮಿಟಿಯವನೇ. ಹಗೇವಿನವನು ಬಯಲಿನ ನಡುವೆ ಹಾದು, ಮೂಡಣದ ಕಡೆ ತಿರುಗಿ, ನಮ್ಮ ಹಗೇವಿನ ಮೇಲೆ ಹೋಗಿ ನಿಂತ. ಇಲ್ಲಿ ಅಗೆಯಿರಿ ಎಂದು ಕೈ ಮಾಡಿದ.

ನಾಲ್ಕು ಮೊಳ ಅಗೆದ ಮೇಲೆ ಚಪ್ಪಡಿ ಸಿಕ್ಕಿತು. ಚಪ್ಪಡಿ ಸರಿಸಿದಾಗ ಹುಳಿ ಹುಳಿ ವಾಸನೆ ಬಂತು. ಇಳಿಸಿದ ಕಂದೀಲು ಮಾರುದ್ದ ಹೋಗುವಷ್ಟರಲ್ಲೇ ಆರಿತು. ಇನ್ನೂ ತಡೆಯಬೇಕು, ಯಾರೂ ಇಳಿಯಬಾರದು ಎಂದು ಆತ ಕೈಮುಗಿದ, ಸಾಹೇಬರು ಕುರ್ಚಿ ತರಿಸಿ ಬೇವಿನ ನೆರಳಿಗೆ ಕೂತರು. ಹೀಗೆ ನಡುಹೊತ್ತಿನಿಂದ ಇಳಿಹೊತ್ತಿನ ತನಕ ಕಾದೆವು. ನನಗೆ ಬಾಯಿ ಬಿಡಲಿಕ್ಕೆ ಅಷ್ಟು ಹೊತ್ತು ಸಿಕ್ಕಿತ್ತು ಎಂಬುದನ್ನು ಹೇಳಲಿಕ್ಕೇ ಇದನ್ನೆಲ್ಲ ಬರೆಯುತ್ತಿದ್ದೇನೆ. ಎರಡು ಹೆಜ್ಜೆ ಮುಂದೆ ಹೋಗಿ, ಹುಜೂರ್, ಇದು ನನ್ನದು ಎಂದರೆ ಮುಗಿಯುತ್ತಿತ್ತು. ಎರಡು ಸಲ ಎದ್ದೆ. ಒಮ್ಮೆ ನೀರು ಕುಡಿದು ಬಂದು ಕೂತೆ, ಒಮ್ಮೆ ಸುಮ್ಮನೆ ಕೂತೆ.

ಕೊನೆಗೆ ಕಂದೀಲು ಆರದೆ ನಿಂತಿತು. ಜೋಳ ಮೇಲೆ ಬಂತು, ಅಪ್ಪ ತುಂಬಿಸಿದ ಜೋಳ, ಹೊಳಪು ಹೋಗಿರಲಿಲ್ಲ. ಬರಿದಾದ ಹಗೇವಿನೊಳಗೆ ಸಾಹೇಬರು ಬಗ್ಗಿ ನೋಡಿದರು. ಅದರ ಹೊಟ್ಟೆ ನಕಾಶೆಯ ಮೂಡಣ ಗೋಡೆಯ ಕೆಳಗೆ ಅಷ್ಟುದ್ದಕ್ಕೂ ಹೋಗಿತ್ತು. ಅವರ ಮುಖವೂ ಬಿಳಿಚಿತು. ಇನ್ನೂ ಎಷ್ಟು ಇವೆ ಎಂದು ಕೇಳಿದರು. ನನ್ನದು ಒಂದೇ ಎಂದ ಆತ. ಕುರಿ ಕಾಯುವವನಿಗೆ ಇಷ್ಟು ಜೋಳ ಎಲ್ಲಿಂದ ಬಂತು ಎಂದು ಅವರಿಗೆ ಹೊಳೆಯದೇ ಇರಲಿಲ್ಲ. ಬೇಲಿಯಾಚೆ ನಿಂತವರ ಮೇಲೆ, ನಮ್ಮ ಮೇಲೆ, ಒಬ್ಬೊಬ್ಬರ ಮೇಲೂ ಕಣ್ಣು ಹಾಯಿಸಿದರು. ನಾನು ನೆಲ ನೋಡಿದೆ. ಅಲ್ಲಿಯೇ ನಕಾಶೆ ಮಡಚಿ ಸಾಹುಕಾರರ ಕೈಗಿಟ್ಟು, ಈ ನೆಲದ ಮೇಲೆ ಒಂದು ಕಲ್ಲನ್ನೂ ಇಡಕೂಡದು ಎಂದರು. ಆಮೇಲೆ ಪಂಚನಾಮೆ ಬರೆಸಿದರು. ಈ ಧಾನ್ಯ ಈ ಮನುಷ್ಯನದೇ ಎಂದು ಕಮಿಟಿಯವನೊಬ್ಬ ಸಹಿ ಹಾಕಬೇಕಿತ್ತು. ಕನ್ನಡ ಬಲ್ಲವನೆಂದು ಕಾಗದ ನನ್ನ ಮುಂದೆ ಬಂತು. ನಾನು ಸಹಿ ಹಾಕಿದೆ.

ಆತ ಒಂದು ವರ್ಷ ಬೀದರಿನ ಜೇಲಿನಲ್ಲಿದ್ದ. ಸಾಹುಕಾರರು ತಮ್ಮ ಚಾಳನ್ನು ನಿಲಂಗದ ಹಾದಿಯ ಗಟ್ಟಿ ಗರಸು ನೆಲದ ಮೇಲೆ ಎತ್ತಿದರು. ಅದು ಈಗಲೂ ನಿಂತಿದೆ, ಹೊತ್ತು ಮುಳುಗುವಾಗ ಅದರ ಮುಂದೆ ಹಾದರೆ ಹದಿನಾರು ಮನೆಯ ಕೂಸುಗಳ ಗದ್ದಲ ಕಿವಿಗೆ ಬೀಳುತ್ತದೆ. ಹುಕುಂ ರದ್ದಾದ ಮೇಲೆ ಉಳಿದ ಆರು ಮನೆಯವರು ತಮ್ಮ ತಮ್ಮ ಜೋಳ ತೆಗೆದುಕೊಂಡರು.

ಆತನ ಹೆಂಡತಿಯ ಮಾತು ಹೇಳಬೇಕು. ಆಕೆಗೆ ನಿಜ ಗೊತ್ತಿರಲಿಲ್ಲ. ಗಂಡ ಆಕೆಗೂ ಹೇಳಲಿಲ್ಲ, ಆಣೆ ಆಣೆಯೇ. ಹಗೇವಿನ ತುಂಬ ಜೋಳ ಸಿಕ್ಕಿದ್ದನ್ನು ಊರೆಲ್ಲ ನೋಡಿತ್ತು. ಆ ವರ್ಷ ಆಕೆಯ ಮನೆಯಲ್ಲಿ ನಾಲ್ಕು ಮಕ್ಕಳು ಒಪ್ಪೊತ್ತು ಉಂಡು ಮಲಗಿದ್ದವು. ಗಂಡ ಜೇಲಿಗೆ ಹೋದ ಮರುವಾರ ಆಕೆ ನನ್ನ ಅಂಗಡಿಯ ಮುಂದೆ ನಿಂತು, "ಮಕ್ಕಳು ಅಂಬಲಿ ಕುಡಿವಾಗ ನೆಲದಾಗ ಜ್ವಾಳ ಹೂತಿಟ್ಟಿದ್ದ ನೋಡ್ರಿ ಧಣ್ಯಾರ, ಇಂವ ತಂದಿಯೇನು?" ಎಂದು ಕೇಳಿದಳು. ಹೆಂಡತಿಯ ಕೈಯಿಂದ ಒಂದು ಮೊರ ಜೋಳ ಕೊಡಿಸಿದೆ. ಧಣಿಗಳು ದೊಡ್ಡವರು ಎಂದು ಹರಸಿ ಹೋದಳು. ಆ ಹರಕೆ ಕೇಳಿ ನನ್ನ ಕಿವಿ ಕಾದವು.

ಜೇಲಿನಿಂದ ಬಂದ ಮೇಲೆ ಆತನ ಕಣ್ಣು ಮಂಜಾಗಿತ್ತು, ಕಸುಬು ನಿಂತಿತ್ತು. ಕಾಳು ಕದ್ದು ಹೂತವನೆಂದು ಯಾರೂ ಕೆಲಸಕ್ಕೆ ಕರೆಯುತ್ತಿರಲಿಲ್ಲ. ಒಂದು ದಿನ ಬಂದು ಅದೇ ಮೆಟ್ಟಿಲ ಮೇಲೆ ಕೂತ. ನಾನು ಕಾಲಿಗೆ ಬೀಳಬೇಕಾದ ಮನುಷ್ಯ ನನಗೇ ಕೈಮುಗಿದು, ನಿಮ್ಮ ಜೋಳ ಹೋಯಿತು, ತಪ್ಪಾಯಿತು ಎಂದ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಒಂದು ವರ್ಷದಿಂದ ನನ್ನನ್ನು ತಿನ್ನುತ್ತಿದ್ದ ಮಾತನ್ನು ಕೇಳಿಯೇಬಿಟ್ಟೆ.

"ಏಳರಾಗ ನಮ್ಮದೇ ಯಾಕ ತೆರದಿ ಮಾಮಾ?"

"ಉಳದವರು ನಾ ಹೋದಾಗ ಸಿಟ್ಟಿಗೆದ್ರು ಧಣ್ಯಾರ. ಒಬ್ರು ಹೊಡ್ಯಾಕ ಬಂದ್ರು. ಅಂಥವ್ರು ತಮ್ಮ ಜ್ವಾಳ ಮ್ಯಾಲ ಬಂದದ್ದು ನೋಡಿದ್ರ ತಡಕೊಳ್ಳಲ್ಲ, ಇದು ನಂದು ಅಂತ ಒದರಿಬಿಡ್ತಾರ. ಒದರಿದ್ರ ಅವರೂ ಜೇಲಿಗಿ ಹೋಗ್ತಾರ, ನನ್ನ ಆಣಿನೂ ಮುರೀತದ. ನೀವೊಬ್ರೇ ಅಂಜಿದ್ರಿ. ಏನಾದ್ರೂ ನೀವು ಸುಮ್ಮ ಇರ್ತೀರಿ ಅಂತ ನನಗ ಖಾತ್ರಿ ಇತ್ತು."

ಕುಚೋದ್ಯ ಇರಲಿಲ್ಲ ಆ ದನಿಯಲ್ಲಿ. ಸಂತೆಯಲ್ಲಿ ಒಂದು ಎತ್ತಿನ ಗುಣ ಹೇಳುವ ಹಾಗೆ ಹೇಳಿದ. ಮುಂದೆ ಸ್ವಲ್ಪ ಹೊತ್ತು ಕುರಿಯ ಮಾತು, ಮಗಳ ಮದುವೆಯ ಮಾತು ಆಡಿ ಎದ್ದ. ಕೆಲವು ವರ್ಷಕ್ಕೆ ಗಂಡ ಹೆಂಡತಿ ಇಬ್ಬರೂ ವಲಾಂಡಿಯ ಮಗಳ ಮನೆ ಸೇರಿದರು. ನಾನು ಅಲ್ಲಿಗೆ ಹೋಗಬೇಕೆಂದು ಪ್ರತಿವರ್ಷ ಅಂದುಕೊಂಡೆ, ಇಪ್ಪತ್ತು ವರ್ಷ ಅಂದುಕೊಂಡೆ.

ಸುದ್ದಿ ಬಂದ ಮರುದಿನ ಬಂಡಿ ಕಟ್ಟಿಸಿಕೊಂಡು ಹೋದೆ. ಮುದುಕಿ ಪಡಸಾಲೆಯ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ಗುರುತಿಸಿ, ಇಷ್ಟು ದೂರ ಬಂದಿರಲ್ಲ ಎಂದು ಕಣ್ಣೊರೆಸಿಕೊಂಡಳು. ಬಾಳ ಒಳ್ಳೆಯವನಿದ್ದ, ಒಂದು ದಿನ ಕೈಯೆತ್ತಲಿಲ್ಲ, ಆದರೆ ಆ ಒಂದು ಮಾತು ಮಾತ್ರ ನನಗೆ ಕಡೆಯವರೆಗೂ ನುಂಗಲಾಗಲಿಲ್ಲ ಎಂದಳು. ಯಾವ ಮಾತು ಎಂದು ನಾನು ಕೇಳಬೇಕಾಗಿರಲಿಲ್ಲ. ಈಗ ಹುಕುಂ ಇಲ್ಲ, ಆ ಸಾಹೇಬರಿಲ್ಲ, ಜೇಲಿನ ಭಯವಿಲ್ಲ, ಆದರೂ ಅವತ್ತು ಬಯಲಿನಲ್ಲಿ ಆದಷ್ಟೇ ಅಂಜಿಕೆಯಾಯಿತು. ಹೇಳಿದೆ. ಹಗೇವು ನಮ್ಮದು, ಜೋಳ ನಮ್ಮದು, ಆತನದು ಒಂದು ಕಾಳೂ ಇರಲಿಲ್ಲ, ಸಹಿ ಹಾಕಿದವನು ನಾನು ಎಂದು, ಒಂದನ್ನೂ ಬಿಡದೆ, ಮೊದಲಿನಿಂದ ಹೇಳಿದೆ.

ಒಳಗೆ ಕುಟ್ಟುತ್ತಿದ್ದ ಮಗಳು ಒನಕೆ ನಿಲ್ಲಿಸಿದಳು. ಮುದುಕಿ ಬೈಯುತ್ತಾಳೆ, ಎದ್ದು ಹೊರಗೆ ನಡೆ ಎನ್ನುತ್ತಾಳೆ ಎಂದು ನಾನು ಕಾದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಆಕೆ ತನ್ನ ಬರಿಗೈ ನೋಡಿಕೊಂಡಳು.

"ಆ ಜ್ವಾಳದ ಸಲುವಾಗಿ ಅಂವಾ ಉಣ್ಣಾಕ ಕೂತಾಗೆಲ್ಲಾ ಚುಚ್ಚಿ ಅಂದೀನ್ರೀ ಯಪ್ಪಾ" ಎಂದಳು. "ಇಪ್ಪತ್ತ ವರ್ಷ ಅಂದೀನಿ. ತಲಿ ಬಾಗಿಸಿ ಉಂಡು ಎದ್ದು ಹೋಗ್ತಿದ್ದ. ಎಂಟ ದಿನ ಮೊದಲ ಬರಬೇಕಿಲ್ರೀ? ಈಗ ನಾ ತಪ್ಪಾತು ಅಂತ ಯಾರಿಗಿ ಅನ್ಲಿ?"